ಉರಿಮೂತ್ರಕ್ಕೆಂದು ತಂದ ಮಾತ್ರೆ, ಮೂವತ್ತೆಂಟಕ್ಕಿಳಿದ ಶುಗರ್

ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿದ್ದುಕೊಂಡು, ಒಪಿಡಿಯ ಸಾಲಿಗೆ ಬೇಸತ್ತು ಔಷಧ ಅಂಗಡಿಯಿಂದ ನೇರವಾಗಿ ಆಂಟಿಬಯೋಟಿಕ್ ತಂದವನು ನಾನು. ಅಪ್ಪಾಜಿಗೆ ಉರಿಮೂತ್ರ. ಲಿವೊಫ್ಲಾಕ್ಸಾಸಿನ್ 500, ದಿನಕ್ಕೊಂದರಂತೆ ಐದು. ಶುಗರ್ ಇದೆಯೇ ಎಂದು ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಪ್ಪಾಜಿಗೆ ಎಪ್ಪತ್ತೊಂದು. ಜ್ವರದಿಂದ ಊಟ ಸೇರುತ್ತಿರಲಿಲ್ಲ; ಎಂದೂ ಬೇಡವೆನ್ನದ ಮಂಡಕ್ಕಿ ಮಿರ್ಚಿಯನ್ನೂ ಪಕ್ಕಕ್ಕೆ ಸರಿಸಿದ್ದರು. ಶುಗರ್‌ಗೆಂದು ಬೆಳಗ್ಗೆ ನುಂಗುವ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ತಪ್ಪಿಸಿರಲಿಲ್ಲ.

ಮೂರನೆಯ ರಾತ್ರಿ ಕಳೆದು ನಾಲ್ಕು ಗಂಟೆಗೆ ಅಮ್ಮ ಎಬ್ಬಿಸಿದರು. ಅಪ್ಪಾಜಿಯ ಬನಿಯನ್ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ನನ್ನನ್ನೇ ನೋಡಿ, ‘ನೀನು ಯಾರ ಮಗ?’ ಎಂದರು. ಲಕ್ವ ಹೊಡೆಯಿತೆಂದು ಎದೆ ಒಡೆಯಿತು. ಗ್ಲುಕೋಮೀಟರ್ 38 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಕಡಿಮೆ, 54ರ ಕೆಳಗೆ ಅಪಾಯ.

ನುಂಗುವಷ್ಟು ಎಚ್ಚರವಿತ್ತು. ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿದೆವು. ಕಾಲು ಗಂಟೆಯಲ್ಲಿ 84 ಆಯಿತು, ಕಾಫಿ ಕೇಳಿದರು. ಗಂಡಾಂತರ ಕಳೆಯಿತೆಂದು ಮನೆಯಲ್ಲೇ ಉಳಿದೆವು. ನಮ್ಮ ದೊಡ್ಡ ತಪ್ಪು ಅದೇ. ಆರೂವರೆಗೆ ಮತ್ತೆ 41, ಈ ಬಾರಿ ಕೂಗಿದರೂ ಕಣ್ಣು ತೆರೆಯಲಿಲ್ಲ. ಅಮ್ಮ ಸಕ್ಕರೆ ನೀರನ್ನು ಬಾಯಿಗೆ ಹೊಯ್ಯಲು ಹೊರಟಿದ್ದರು. ನರ್ಸ್ ಆಗಿದ್ದ ಪಕ್ಕದ ಮನೆಯ ಅಕ್ಕ ತಡೆದರು. ಪ್ರಜ್ಞೆ ಇಲ್ಲದವರಿಗೆ ಕುಡಿಸಿದರೆ ಅದು ಶ್ವಾಸಕೋಶ ಸೇರುತ್ತದಂತೆ. 108ಕ್ಕೆ ಕರೆ ಮಾಡಿದೆವು.

ಆಸ್ಪತ್ರೆಯಲ್ಲಿ ನರಕ್ಕೆ ಗ್ಲುಕೋಸ್ ಏರಿಸಿ, ಎರಡು ದಿನ ಇರಿಸಿಕೊಂಡರು. ಗ್ಲಿಮೆಪಿರೈಡ್‌ನ ಪ್ರಭಾವ ಇಡೀ ದಿನ ಇರುವುದರಿಂದ ಒಮ್ಮೆ ಏರಿದ ಶುಗರ್ ಮತ್ತೆ ಕುಸಿಯಬಹುದು ಎಂದರು ವೈದ್ಯರು. ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ; ಲಿವೊಫ್ಲಾಕ್ಸಾಸಿನ್ ಕೂಡ ಕೆಲವರಲ್ಲಿ ಅದನ್ನೇ ಮಾಡುತ್ತದೆ. ವಯಸ್ಸಾದವರ ಮೂತ್ರಪಿಂಡ ಔಷಧವನ್ನು ನಿಧಾನವಾಗಿ ಹೊರಹಾಕುತ್ತದೆ, ಮೇಲಾಗಿ ಹೊಟ್ಟೆಯೂ ಖಾಲಿ. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲೇ ಲಿವೊಫ್ಲಾಕ್ಸಾಸಿನ್ ಸೇರಿರುವ ಫ್ಲೋರೋಕ್ವಿನೊಲೋನ್ ಗುಂಪಿನ ಔಷಧಗಳಿಗೆ ಶುಗರ್ ಕುಸಿತದ ಎಚ್ಚರಿಕೆಯನ್ನು ಬಿಗಿಗೊಳಿಸಿದ್ದಾರೆ. ಸಿಪ್ರೊಫ್ಲಾಕ್ಸಾಸಿನ್ ಇದೇ ಗುಂಪಿನದು. ಭೇದಿಗೆಂದು ಕೊಡುವ ಓಫ್ಲಾಕ್ಸಾಸಿನ್ ಕೂಡ. ಗುಂಪು ಬೇರೆಯಾದರೂ ಇನ್ನೊಂದು ಆಂಟಿಬಯೋಟಿಕ್ ಆದ ಕೋಟ್ರೈಮಾಕ್ಸಜೋಲ್‌ನಲ್ಲಿಯೂ ಈ ಅಪಾಯವುಂಟು.

ಹಾಗೆಂದು ಶುಗರ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವ ಮಾತ್ರೆ, ಎಷ್ಟು ಎಂಬುದನ್ನು ಆಂಟಿಬಯೋಟಿಕ್ ಬರೆಯುವ ವೈದ್ಯರಿಗೆ ತೋರಿಸಿ. ಊಟ ಸೇರದಿದ್ದರೆ ಅದನ್ನೂ ಹೇಳಿ. ಆ ದಿನಗಳಲ್ಲಿ ಗ್ಲುಕೋಮೀಟರ್ ಕೈಗೆ ಸಿಗುವಂತಿರಲಿ. ನಮ್ಮದು ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಕೆಳಗಿತ್ತು, ಹುಡುಕಲು ಹತ್ತು ನಿಮಿಷ ಹಿಡಿಯಿತು.