37ನೇ ಸದಸ್ಯ ಯಾವ ಸಂಘದವರು? ಜೋಡಿ ಕೀಯನ್ನು ಎಕ್ಸ್‌ಎಂಎಲ್‌ಗೆ ಇಳಿಸಲು ಮೂರು ದಾರಿ

ಹಾಲಿನ ಡೈರಿಯಲ್ಲಿ ಪ್ರತಿ ಸದಸ್ಯರಿಗೂ ಒಂದು ನಂಬರು. ಆದರೆ 37ನೇ ನಂಬರು ನಮ್ಮೂರ ಸಂಘದಲ್ಲೂ ಇದೆ, ಪಕ್ಕದೂರಿನದರಲ್ಲೂ ಇದೆ. ಸಂಘದ ನಂಬರು ಜೊತೆಗಿದ್ದರೆ ಮಾತ್ರ ಆಸಾಮಿ ಯಾರೆಂದು ಗೊತ್ತಾಗುತ್ತದೆ. ಡೇಟಾಬೇಸ್‌ಗೆ ಇದು ಸಲೀಸು: ಎರಡು ಕಾಲಂ ಸೇರಿ ಒಂದು ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿಗೂ ಬೇರೆಯದೇ ಆದ ಗುರುತು. ಅದನ್ನು ಜಾವಾ ಆಬ್ಜೆಕ್ಟ್ ಮಾಡಿ, ಅಲ್ಲಿಂದ ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗ್‌ಗಳಲ್ಲಿ ಇಡುವ) ಫೈಲ್ ಬರೆಯಲು ಹೊರಟಾಗ ತಲೆನೋವು ಶುರು. ಜಾವಾ ಆಬ್ಜೆಕ್ಟನ್ನು ಡೇಟಾಬೇಸ್‌ಗೆ ಜೋಡಿಸುವ ಜೆಪಿಎ 1.0, ಎಕ್ಸ್‌ಎಂಎಲ್‌ಗೆ ಜೋಡಿಸುವ ಜಾಕ್ಸ್‌ಬಿ 2.0 ಎರಡೂ 2006ರಲ್ಲೇ ಬಂದವು. ಆದರೂ ಒಂದರ ಕೀ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಮೊದಲು ಸೋಮಾರಿ ದಾರಿ ಹಿಡಿದೆ. ಜಾಕ್ಸ್‌ಬಿಯಲ್ಲಿ 'ಈ ಫೀಲ್ಡೇ ಗುರುತು' ಎಂದು ಹೇಳುವ ಎಕ್ಸ್‌ಎಂಎಲ್‌ಐಡಿ ಅನೋಟೇಶನ್ (ಕೋಡಿಗೆ ಅಂಟಿಸುವ ಚೀಟಿ) ಒಂದು ಕ್ಲಾಸಿನಲ್ಲಿ ಒಂದೇ ಫೀಲ್ಡಿಗೆ ಹಾಕಬಹುದು, ಅದೂ ಸ್ಟ್ರಿಂಗ್ (ಪಠ್ಯ) ಆಗಿರಬೇಕು. ಸರಿ, ಎರಡು ನಂಬರನ್ನು ಅಂಟಿಸಿಬಿಟ್ಟೆ. ಸಂಘ 214, ಸದಸ್ಯ 37 ಅಂದರೆ 21437. ಸಂಘ 21, ಸದಸ್ಯ 437 ಅಂದರೂ 21437! ಜಾಕ್ಸ್‌ಬಿ ತಕರಾರೇ ತೆಗೆಯಲಿಲ್ಲ. ಪಟ್ಟಿಯಲ್ಲಿ ಕೊನೆಗೆ ಬಂದವರ ಲೆಕ್ಕಕ್ಕೇ ಇಬ್ಬರ ಹಾಲೂ ಸೇರಿತು. ಪುಣ್ಯಕ್ಕೆ ಅದು ಟೆಸ್ಟ್ ಡೇಟಾ. ನಡುವೆ ಗೆರೆ ಹಾಕಿ 214-37 ಮಾಡಿ, ಈ ಸಲ ಸ್ಕೀಮಾ (ಫೈಲ್ ಹೇಗಿರಬೇಕೆಂಬ ನಿಯಮಪಟ್ಟಿ) ಜೊತೆ ತಾಳೆ ನೋಡಿದರೆ ಅದು ಒಪ್ಪಲಿಲ್ಲ, ಐಡಿ ಅಂಕಿಯಿಂದ ಶುರುವಾಗಬಾರದಂತೆ. ಮುಂದೆ ಒಂದು ಅಕ್ಷರ ಅಂಟಿಸಿ ದಾಟಿದೆ. ಆಮೇಲೆ ಓದುವಾಗ ಅದನ್ನೆಲ್ಲ ಬಿಡಿಸುತ್ತ ಕೂರಬೇಕು. ಬೇಡಪ್ಪ ಅನಿಸಿತು.

ಎರಡನೆಯದು ಜೆಪಿಎಯ ಎಂಬೆಡೆಡ್‌ಐಡಿ. ಕೀಗೆ ಬೇರೆ ಕ್ಲಾಸ್, ಅದರಲ್ಲಿ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ (ಎರಡು ಕೀ ಒಂದೇನಾ ಎಂದು ನೋಡುವ ಮೆಥಡ್‌ಗಳು), ಸೀರಿಯಲೈಸಬಲ್ ಕಡ್ಡಾಯ. ಜಾವಾ ಕಡೆಯಿಂದ ನೋಡಿದರೆ ಇದೇ ಚೆಂದ. ಕೀ ಒಂದೇ ವಸ್ತು, ಮ್ಯಾಪ್‌ಗೂ ಹಾಕಬಹುದು, ಫೈಂಡ್‌ಗೂ ಕೊಡಬಹುದು. ಎಕ್ಸ್‌ಎಂಎಲ್‌ನಲ್ಲಿ ಮಾತ್ರ ಸುಮ್ನೆ ಒಂದು ಗೂಡು ಜಾಸ್ತಿಯಾಗುತ್ತದೆ:

<ಸದಸ್ಯ><ಕೀ><ಸಂಘ>214</ಸಂಘ><ನಂಬರು>37</ನಂಬರು></ಕೀ></ಸದಸ್ಯ>

(ಟ್ಯಾಗ್ ಹೆಸರು ಕನ್ನಡದಲ್ಲಿ ಇರಬಹುದಾ ಅಂತ ಕೇಳಬೇಡಿ. 1998ರ ಮೊದಲ ಎಕ್ಸ್‌ಎಂಎಲ್‌ನಿಂದಲೂ ಇರಬಹುದು, ನಾವೇ ಬಳಸುವುದಿಲ್ಲ.)

ಫೈಲ್ ತೆಗೆದುಕೊಳ್ಳುವವರಿಗೆ ಈ ಕೀ ಗೂಡು ಯಾಕೆ, ಅಲ್ವಾ? ಎಕ್ಲಿಪ್ಸ್‌ಲಿಂಕ್‌ನ ಮಾಕ್ಸಿ ಎಂಬ ಇನ್ನೊಂದು ಜಾಕ್ಸ್‌ಬಿ ಲೈಬ್ರರಿಯಲ್ಲಿ ಎಕ್ಸ್‌ಎಂಎಲ್‌ಪಾತ್ ಅನೋಟೇಶನ್‌ಗೆ ಬರೀ ಒಂದು ಚುಕ್ಕೆ ಕೊಟ್ಟರೆ ಗೂಡು ಮಾಯ. ಒಂದು ಮಧ್ಯಾಹ್ನ ಪೂರ್ತಿ ಅದು ಮಾಯವಾಗಲೇ ಇಲ್ಲ. ಎರರ್ ಕೂಡ ಇಲ್ಲ. ಕೊನೆಗೆ ನೋಡಿದರೆ ಮಾಡೆಲ್ ಕ್ಲಾಸ್‌ಗಳಿರುವ ಪ್ಯಾಕೇಜಿನಲ್ಲಿ ಯಾವ ಲೈಬ್ರರಿ ಬೇಕೆಂದು ಹೇಳುವ ಜಾಕ್ಸ್‌ಬಿ ಡಾಟ್ ಪ್ರಾಪರ್ಟೀಸ್ ಫೈಲ್ ಇಟ್ಟಿರಲಿಲ್ಲ. ಅದಿಲ್ಲದ್ದಕ್ಕೆ ಮಾಮೂಲಿ ಜಾಕ್ಸ್‌ಬಿಯೇ ಓಡುತ್ತಿತ್ತು, ಮಾಕ್ಸಿಯ ಅನೋಟೇಶನ್ ಅದರ ಕಣ್ಣಿಗೇ ಬೀಳುತ್ತಿರಲಿಲ್ಲ.

ಮೂರನೆಯದು ಜೆಪಿಎಯದೇ ಐಡಿಕ್ಲಾಸ್. ಸಂಘ, ನಂಬರು ಎರಡೂ ಸದಸ್ಯ ಕ್ಲಾಸಿನಲ್ಲೇ ಐಡಿ ಫೀಲ್ಡುಗಳು. ಕೀ ಕ್ಲಾಸ್ ಬೇರೆ ಇರುತ್ತದೆ, ಅದರಲ್ಲಿ ಅವೇ ಫೀಲ್ಡುಗಳನ್ನು ಅದೇ ಹೆಸರು, ಅದೇ ಟೈಪಿನಲ್ಲಿ ಮತ್ತೆ ಬರೆಯಬೇಕು. ಎರಡೆರಡು ಸಲ ಬರೆಯುವುದು ನನಗೂ ಇಷ್ಟವಿಲ್ಲ. ಆದರೆ ಎಕ್ಸ್‌ಎಂಎಲ್‌ಗೆ ಆ ಕ್ಲಾಸ್ ಇರುವುದೇ ಗೊತ್ತಾಗುವುದಿಲ್ಲ. ಎರಡನ್ನೂ ಆಟ್ರಿಬ್ಯೂಟ್ (ಟ್ಯಾಗಿನ ಒಳಗೇ ಬರೆಯುವ ಮಾಹಿತಿ) ಮಾಡಿದರೆ, ಜಾಕ್ಸ್‌ಬಿಯ ಯಾವ ಲೈಬ್ರರಿ ಹಾಕಿದರೂ ಗೂಡಿಲ್ಲದ ಸಾಲು ಬರುತ್ತದೆ:

<ಸದಸ್ಯ ಸಂಘ="214" ನಂಬರು="37"/>

ನಾನು ಇದನ್ನೇ ಉಳಿಸಿಕೊಂಡೆ. ತೀರ್ಮಾನ ಮಾಡಿಸಿದ್ದು ಸದಸ್ಯರಲ್ಲ, ಹಾಲಿನ ಎಂಟ್ರಿ. ಅದರ ಕೀ ನಾಲ್ಕು ತುಂಡು: ಸಂಘ, ಸದಸ್ಯ, ತಾರೀಕು, ಬೆಳಿಗ್ಗೆಯೋ ಸಂಜೆಯೋ. ಫೈಲಿನಲ್ಲಿ ಎಂಟ್ರಿಗಳು ಸದಸ್ಯರ ಹೊಟ್ಟೆಯೊಳಗೇ ಇರುತ್ತವೆ, ಹಾಗಾಗಿ ಮೊದಲ ಎರಡನ್ನು ಪ್ರತಿ ಸಾಲಿನಲ್ಲೂ ಬರೆಯುವುದು ದಂಡ. ಐಡಿಕ್ಲಾಸ್‌ನಲ್ಲಿ ಆ ಎರಡು ಫೀಲ್ಡಿಗೆ ಎಕ್ಸ್‌ಎಂಎಲ್‌ಟ್ರಾನ್ಸಿಯೆಂಟ್ (ಫೈಲಿಗೆ ಬರೆಯಬೇಡ ಎನ್ನುವ ಅನೋಟೇಶನ್) ಹಾಕಿದರೆ ಮುಗಿಯಿತು. ಎಂಬೆಡೆಡ್ ಕೀಯಲ್ಲಾದರೆ ಅದನ್ನು ಕೀ ಕ್ಲಾಸಿನ ಒಳಗೇ ಹಾಕಬೇಕು, ಆಗ ಆ ಕೀ ಬಳಸಿದ ಕಡೆಯೆಲ್ಲ ಅವು ಕಾಣೆ.

ವಾಪಸ್ ಓದುವಾಗ ಬಿಟ್ಟ ನಂಬರುಗಳನ್ನು ಆಫ್ಟರ್‌ಅನ್‌ಮಾರ್ಷಲ್ ಎಂಬ ಮೆಥಡ್‌ನಲ್ಲಿ ತುಂಬುತ್ತೇನೆ. ಒಂದೊಂದು ಎಂಟ್ರಿ ಓದಿ ಮುಗಿದಾಗಲೂ ಜಾಕ್ಸ್‌ಬಿ ಅದನ್ನು ಕರೆದು ಪೇರೆಂಟ್ ಆಬ್ಜೆಕ್ಟನ್ನೂ, ಅಂದರೆ ಇಲ್ಲಿ ಸದಸ್ಯರನ್ನೂ, ಕೊಡುತ್ತದೆ. ಸಂಘ, ನಂಬರು ಎರಡೂ ಆಟ್ರಿಬ್ಯೂಟ್ ಆಗಿದ್ದರಿಂದ ಬಚಾವಾದೆ. ಎಂಟ್ರಿಗಳ ಕೆಳಗೆ ಎಲಿಮೆಂಟ್ (ಬೇರೆ ಟ್ಯಾಗ್) ಆಗಿ ಇಟ್ಟಿದ್ದರೆ, ಮಕ್ಕಳು ಕೇಳುವ ಹೊತ್ತಿಗೆ ಅಪ್ಪನ ನಂಬರೇ ಬಂದಿರುತ್ತಿರಲಿಲ್ಲ.