ಬಿಟ್ಜೆನ್‌ಬರ್ಗರ್ ಫ್ಲೆಚಿಂಗ್ ಜಿಗ್: ಹಲವು ಸೀಸನ್ ಬಳಸಿದ ಮೇಲೆ ಬರೀತಿದೀನಿ

ಮಿಶಿಗನ್‌ನಲ್ಲಿ ಅಕ್ಟೋಬರ್ 1ಕ್ಕೆ ಜಿಂಕೆ ಬಿಲ್ಲುಬೇಟೆ ಶುರು, ಹಾಗಾಗಿ ಬಾಣದ ಕೆಲ್ಸ ಎಲ್ಲ ಬೇಸಿಗೇಲೇ ಮುಗಿಸ್ಕೋಬೇಕು. (ಊರಲ್ಲಿ ಓದ್ತಿರೋರಿಗೆ ಒಂದ್ಮಾತು, ಇಂಡಿಯಾದಲ್ಲಿ 1972ರ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ, ಇದು ಇಲ್ಲಿ ಲೈಸೆನ್ಸ್ ತಗೊಂಡು ಆಡೋರಿಗೆ ಮಾತ್ರ.)

ಫ್ಲೆಚಿಂಗ್ ಜಿಗ್ ಅಂದ್ರೆ ಬಾಣದ ಹಿಂಬದಿಗೆ ವೇನ್ (ಪ್ಲಾಸ್ಟಿಕ್ ರೆಕ್ಕೆ) ಅಂಟಿಸೋ ಸಾಧನ. ಈ ಜಿಗ್ ಲೋಹದ್ದು, ಗಟ್ಟಿಮುಟ್ಟು. ಒಂದ್ಸಲಕ್ಕೆ ಒಂದೇ ವೇನ್ ಅಂಟಿಸೋದು, ಅಂಟು ಹಿಡಿಯೋವರೆಗೂ ಕಾಯೋದು, ನಾಬ್ ತಿರುಗ್ಸಿ ಮುಂದಿನ್ದು. ಡಜನ್ ಬಾಣಕ್ಕೆ 36 ವೇನ್, ಒಂದು ಸಂಜೆ ಪೂರ್ತಿ ಹೋಗುತ್ತೆ. ಮೂರೂ ಒಟ್ಟಿಗೆ ಅಂಟಿಸೋ ಪ್ಲಾಸ್ಟಿಕ್ ಜಿಗ್‌ಗಳು ಬೇಗ ಮುಗಿಸ್ತವೆ ನಿಜ, ಆದ್ರೆ ವೇನ್ ಎಷ್ಟು ಓರೆ ಕೂರ್ಬೇಕು ಅನ್ನೋದನ್ನ ಹೀಗೆ ಸೂಕ್ಷ್ಮವಾಗಿ ನಾವೇ ಸೆಟ್ ಮಾಡೋಕೆ ಅವುಗಳಲ್ಲಿ ಆಗಲ್ಲ. ನಾನು ಬಲ ಹೆಲಿಕಲ್ ಕ್ಲ್ಯಾಂಪ್ (ವೇನ್‌ನ ಬಲಕ್ಕೆ ಸುರುಳಿಯಾಗಿ ತಿರುಚಿ ಹಿಡಿಯೋದು) ಹಾಕಿ 2 ಇಂಚಿನ ಬ್ಲೇಜರ್ ವೇನ್ ಅಂಟಿಸ್ತೀನಿ. ಬ್ರಾಡ್‌ಹೆಡ್‌ನ (ಬೇಟೆಗೆ ಹಾಕೋ ಬ್ಲೇಡಿರೋ ಬಾಣದ ಮೊನೆ) ಬ್ಲೇಡ್‌ಗಳು ಮುಂದುಗಡೆ ಗಾಳಿ ಹಿಡ್ದು ಬಾಣನ ಎಳೀತಿರ್ತವೆ, ಹಿಂದಿನ ವೇನ್ ಬಾಣನ ಚೆನ್ನಾಗಿ ತಿರುಗಿಸಿದ್ರೇನೇ ಅದು ನೆಟ್ಟಗೆ ಹೋಗೋದು.

ಶಾಫ್ಟ್ (ಬಾಣದ ಕಡ್ಡಿ) ಈಸ್ಟನ್ ಆಕ್ಸಿಸ್ 340, ಇಂಚಿಗೆ 9.5 ಗ್ರೇನ್. 28 ಇಂಚಿಗೆ ಕಟ್ ಮಾಡಿ (ಕಾರ್ಬನ್ ಧೂಳು, ಮಾಸ್ಕ್ ಇಲ್ದೆ ಮಾಡ್ಲೇಬೇಡಿ) 50 ಗ್ರೇನ್ ಹಿತ್ತಾಳೆ ಇನ್ಸರ್ಟು (ಹೆಡ್ ಕೂರಿಸೋಕೆ ಶಾಫ್ಟ್ ಒಳಗೆ ಹಾಕೋ ತುಂಡು), 100 ಗ್ರೇನ್ ಹೆಡ್ ಹಾಕಿದ್ರೆ ವೇನ್, ನಾಕ್ (ಬಾಣದ ಹಿಂತುದೀಲಿ ಬಿಲ್ಲಿನ ದಾರ ಸಿಕ್ಕಿಸೋ ಕವೆ) ಎಲ್ಲ ಸೇರಿ ಒಟ್ಟು ಸುಮಾರು 440 ಗ್ರೇನ್, ಅಂದ್ರೆ 28 ಗ್ರಾಂ ಚಿಲ್ರೆ. ಕಟ್ ಮಾಡಿದ ತುದೀನ ಓರೆ ಇಲ್ದ ಹಾಗೆ ಉಜ್ಜಿ ಸಮ ಮಾಡ್ಲೇಬೇಕು, ಇಲ್ಲಾಂದ್ರೆ ಬ್ರಾಡ್‌ಹೆಡ್ ಓರೆಯಾಗಿ ಕೂತು ತಿರುಗಿಸಿದಾಗ ಅದುರುತ್ತೆ.

ಎಲ್ಲಕ್ಕಿಂತ ಮುಖ್ಯವಾದ್ದು ಇಲ್ಲಿದೆ. ಈ ಜಿಗ್ ಬಾಣನ ಹಿಡ್ಕೊಳ್ಳೋದೇ ನಾಕ್‌ನಿಂದ, ಹಾಗಾಗಿ ನಾಕ್ ಟ್ಯೂನಿಂಗ್ ವೇನ್ ಅಂಟಿಸೋಕ್ ಮುಂಚೇನೇ ಆಗ್ಬೇಕು. ಬರೀ ಶಾಫ್ಟನ್ನ ಪೇಪರ್ ಮೂಲಕ ಹೊಡೀತೀನಿ, ಯಾವ್ದಾದ್ರೂ ಒಂದು ಬೇರೆ ಥರ ಹರಿದ್ರೆ ಅದರ ನಾಕ್‌ನ ಸ್ವಲ್ಪ ತಿರುಗ್ಸಿ ಮತ್ತೆ ಹೊಡೀತೀನಿ, ಎಲ್ಲ ಒಂದೇ ಥರ ತೂತು ಮಾಡೋವರೆಗೂ ಇದೇ ಕೆಲ್ಸ, ಆಮೇಲೆ ಮಾರ್ಕ್ ಹಾಕಿ ಜಿಗ್‌ಗೆ. ಕೊನೇಗೆ ಫೀಲ್ಡ್ ಪಾಯಿಂಟು (ಅಭ್ಯಾಸಕ್ಕೆ ಹಾಕೋ ಬ್ಲೇಡಿಲ್ಲದ ಮೊನೆ) ಬ್ರಾಡ್‌ಹೆಡ್ಡು ಎರಡನ್ನೂ ದೂರದಿಂದ ಹೊಡ್ದು ನೋಡೋದು, ಬ್ರಾಡ್‌ಹೆಡ್ ಫೀಲ್ಡ್ ಪಾಯಿಂಟಿಗಿಂತ ಎಡಕ್ಕೆ ಬೀಳ್ತಿದ್ರೆ ರೆಸ್ಟ್‌ನ (ಬಿಲ್ಲಲ್ಲಿ ಬಾಣ ಕೂರೋ ಆಸರೆ) ಬಲಕ್ಕೆ ಕೂದಲೆಳೆಯಷ್ಟು ಸರಿಸೋದು, ಸೈಟ್ ಮುಟ್ಟೋ ಹಾಗಿಲ್ಲ. ಇಷ್ಟೆಲ್ಲ ಯಾಕೆ ಅಂದ್ರೆ ಬಾಣ ಎರಡೂ ಶ್ವಾಸಕೋಶದ ಮೂಲಕ ಹೋದ್ರೆ ಜಿಂಕೆ ಬೇಗ ಮುಗಿಯುತ್ತೆ, ಸ್ವಲ್ಪ ಹಿಂದಕ್ಕೆ ಬಿದ್ರೆ ಗಂಟೆಗಟ್ಟಲೆ ನರಳುತ್ತೆ, ಅದು ಆಗಬಾರ್ದು.

ಈಗ್ಲೂ ಜಿಗ್ ಒಂಚೂರೂ ಸಡಿಲ ಆಗಿಲ್ಲ. ಕ್ಲ್ಯಾಂಪ್ ಅಂಚಿನಲ್ಲಿ ಅಂಟು ಒಣಗಿ ಕೂತ್ರೆ ವೇನ್ ಶಾಫ್ಟ್‌ಗೆ ಪೂರ್ತಿ ತಾಗಲ್ಲ, ಪ್ರತಿ ಸಲ ಒರೆಸ್ತಾ ಇರಿ. ಬರೀ ಟಾರ್ಗೆಟ್‌ಗೆ ಫೀಲ್ಡ್ ಪಾಯಿಂಟ್ ಹೊಡೆಯೋರಿಗೆ ಇಷ್ಟು ದುಡ್ಡು ಹಾಕೋ ಅಗತ್ಯ ಇಲ್ಲ, ಅಂಗಡೀಲಿ ಕಟ್ಟಿಸ್ಕೊಂಡ್ರೆ ಸಾಕು. ಫಿಕ್ಸೆಡ್ ಬ್ಲೇಡ್ (ಮಡಚದ ಬ್ಲೇಡಿನ ಬ್ರಾಡ್‌ಹೆಡ್) ಹಾಕಿ ಬೇಟೆಗೆ ಹೋಗೋರು ಕಣ್ಮುಚ್ಚಿ ತಗೊಳ್ಳಿ.