ಹೊಸ ಟ್ರಾವೆಲ್ ಟ್ರೇಲರ್ ಡೆಲಿವರಿ: ಡೀಲರ್ ಕೊಡುವ ವಾಕ್-ಥ್ರೂ ಎಷ್ಟಕ್ಕೆ ಸಾಕು?

ಅಮೆರಿಕದಲ್ಲಿ ಹೊಸ ಟ್ರಾವೆಲ್ ಟ್ರೇಲರ್ (ಇನ್ನೊಂದು ವಾಹನದ ಹಿಂದೆ ಎಳೆದೊಯ್ಯುವ, ಒಳಗೇ ಉಳಿದು ಮಲಗಬಹುದಾದ ಮನೆಯಂಥ ಗಾಡಿ) ಕೊಂಡವರಿಗೆ ಡೀಲರ್ ಕಡೆಯಿಂದ ಎರಡು ಸೇವೆ ಸಿಗುತ್ತವೆ. ಮೊದಲನೆಯದು ಪಿಡಿಐ, ಅಂದರೆ ಗಾಡಿ ಗಿರಾಕಿಯ ಕೈಸೇರುವ ಮುನ್ನ ವರ್ಕ್‌ಶಾಪಿನವರು ಮಾಡಿ ಮುಗಿಸಿರಬೇಕಾದ ತಪಾಸಣೆ. ಎರಡನೆಯದು ವಾಕ್-ಥ್ರೂ: ಗಿರಾಕಿಯನ್ನು ಗಾಡಿಯ ಸುತ್ತ ಒಂದು ಸುತ್ತು ಹಾಕಿಸಿ, ಯಾವ ಸ್ವಿಚ್ ಯಾವುದಕ್ಕೆ ಎಂದು ತೋರಿಸುವುದು. ವಾಕ್-ಥ್ರೂ ಪಾಠವಾಗಿ ಚೆನ್ನಾಗಿದೆ. ತಪಾಸಣೆಯಾಗಿ ನೋಡಿದರೆ ಪಾಸ್ ಮಾರ್ಕ್ಸ್ ಕೊಡುವುದೂ ಕಷ್ಟ. ಇದಕ್ಕೆ ಡೀಲರನ ಕೆಟ್ಟ ಬುದ್ಧಿಯೇ ಕಾರಣ ಆಗಬೇಕಿಲ್ಲ. ಟ್ರೇಲರಿನ ದೋಷಗಳಲ್ಲಿ ಹೆಚ್ಚಿನವು ಹೊರಬರಲು ಹೊತ್ತು ಹಿಡಿಯುತ್ತದೆ, ಡೀಲರ್ ಕೊಡುವುದು ಒಂದೆರಡು ಗಂಟೆ. ಫ್ರಿಜ್ ತಣ್ಣಗಾಗಲು ಅರ್ಧ ದಿನ ಬೇಕು, ಸಡಿಲ ಜಾಯಿಂಟಿನಿಂದ ಹನಿ ಬೀಳಲು ಅರ್ಧ ಗಂಟೆ ಬೇಕು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅನ್ನುವುದು ಈ ಗಾಡಿಗಳಿಗೆ ಹೇಳಿ ಮಾಡಿಸಿದ ಮಾತು.

ಆದ್ದರಿಂದ ಕೆಲಸ ಹಿಂದಿನ ದಿನವೇ ಶುರುವಾಗಬೇಕು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಇಷ್ಟು ಕೇಳಿ: ಗಾಡಿಯನ್ನು ಮಟ್ಟವಾಗಿ ನಿಲ್ಲಿಸಿ, ಬ್ಯಾಟರಿ ಕೂರಿಸಿ, ಕರೆಂಟಿಗೆ ಹಾಕಿ ಫ್ರಿಜ್ ಆನ್ ಮಾಡಿಡಬೇಕು, ನಾವು ಬಂದಾಗ ನೀರು, ಗ್ಯಾಸ್, ಕರೆಂಟು ಮೂರೂ ಸಿಗುವ ಜಾಗದಲ್ಲಿ ಗಾಡಿ ಇರಬೇಕು. ಗ್ಯಾಸ್ ಮತ್ತು ಕರೆಂಟು ಎರಡರಲ್ಲೂ ಓಡುವ ಅಬ್ಸಾರ್ಪ್ಷನ್ ಫ್ರಿಜ್ ಪೂರ್ತಿ ತಣ್ಣಗಾಗಲು 12ರಿಂದ 24 ಗಂಟೆ ಬೇಕು, ಗಾಡಿ ಓರೆಯಾಗಿ ನಿಂತಿದ್ದರೆ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬೇಗ ತಣ್ಣಗಾಗುತ್ತದೆ. ಹೋದ ಕೂಡಲೇ ಒಳಗೊಂದು ಥರ್ಮಾಮೀಟರ್ ಇಡಿ; 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿರಬೇಕು. ‘ಅದೆಲ್ಲ ಆಗಲ್ಲ, ಬಂದಾಗ ಆನ್ ಮಾಡಿ ತೋರಿಸುತ್ತೇವೆ’ ಎಂದರೆ ದಿನಾಂಕ ಮುಂದೂಡುವುದೇ ಮೇಲು. ಫ್ರಿಜ್ಜಿನೊಳಗೆ ದೀಪ ಹತ್ತಿತು ಎಂದರೆ ದೀಪ ಹತ್ತಿತು ಅಷ್ಟೇ.

ಒಳಗೆ ಕಾಲಿಡುವ ಮೊದಲು ಹೊರಗಿನ ಲೇಬಲ್ ಓದಿ. ಅದರಲ್ಲಿರುವ 17 ಅಕ್ಷರ-ಅಂಕಿಗಳ ವಿನ್, ಅಂದರೆ ಗಾಡಿಯ ಗುರುತಿನ ನಂಬರು, ಕಾಗದಪತ್ರಗಳ ನಂಬರಿಗೆ ತಾಳೆಯಾಗಬೇಕು. ಅಲ್ಲೇ ಗಾಡಿಯ ಗರಿಷ್ಠ ಒಟ್ಟು ತೂಕ, ಪ್ರತಿ ಆಕ್ಸಲ್ ತಾಳುವ ತೂಕ, ಟೈರಿನ ಸೈಜು, ತಣ್ಣಗಿದ್ದಾಗ ಇರಬೇಕಾದ ಗಾಳಿಯ ಒತ್ತಡ ಎಲ್ಲ ಇರುತ್ತದೆ. ಎಷ್ಟು ಸಾಮಾನು ಹೇರಬಹುದು ಎನ್ನುವುದಕ್ಕೆ ಬೇರೆ ಸ್ಟಿಕ್ಕರ್ ಇದೆ. ಮಾರುವವರು ಅದನ್ನು ತಾವಾಗಿ ತೋರಿಸುವುದು ಅಪರೂಪ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್, 40 ಗ್ಯಾಲನ್ ಟ್ಯಾಂಕು ತುಂಬಿದರೆ 332 ಪೌಂಡ್ ಅಲ್ಲಿಗೇ ಹೋಯಿತು. ಡೀಲರ್ ತಾನಾಗಿ ಜೋಡಿಸಿದ ಸಾಮಾನು 100 ಪೌಂಡ್ ಅಥವಾ ಗರಿಷ್ಠ ಒಟ್ಟು ತೂಕದ ಶೇ. 1.5, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಿದರೆ ಈ ಅಂಕಿಯನ್ನು ತಿದ್ದಬೇಕು ಎನ್ನುತ್ತದೆ ಫೆಡರಲ್ ನಿಯಮ. ಎರಡನೇ ಬ್ಯಾಟರಿ, ಸೋಲಾರ್, ಹಿಂದುಗಡೆ ರ‍್ಯಾಕ್ ಹಾಕಿಸಿಕೊಂಡವರು ಇದನ್ನು ಕೇಳಲೇಬೇಕು.

ಟೈರಿನ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ: 2324 ಎಂದರೆ 2024ರ 23ನೇ ವಾರ. ಪೂರ್ತಿ ಕೋಡು ಕೆಲವೊಮ್ಮೆ ಟೈರಿನ ಒಳಮುಖಕ್ಕೆ ಇರುತ್ತದೆ, ಟಾರ್ಚು ಹಿಡಿದು ಕೆಳಗೆ ನುಸುಳಬೇಕು. ಸ್ಟೆಪ್ನಿಯನ್ನೂ ಬಿಡಬೇಡಿ. ಅರ್ಧ ಇಂಚಿನ ಸ್ಟಡ್ ಇರುವ ಚಕ್ರಗಳ ನಟ್ಟುಗಳನ್ನು ಸಾಮಾನ್ಯವಾಗಿ 90ರಿಂದ 120 ಅಡಿ-ಪೌಂಡ್‌ಗೆ ಬಿಗಿಯುತ್ತಾರೆ. ಹೊಸ ಚಕ್ರ ಓಡುತ್ತಾ ಕೂರುವುದರಿಂದ ಬಿಗಿ ಸಡಿಲವಾಗುತ್ತದೆ. ಅದಕ್ಕೇ ಮೊದಲ ಪ್ರಯಾಣದಲ್ಲಿ 10, 25 ಮತ್ತು 50 ಮೈಲಿಗೆ ನಿಲ್ಲಿಸಿ ಟಾರ್ಕ್ ವ್ರೆಂಚಿನಿಂದ ಮತ್ತೆ ನೋಡಬೇಕು. ಇದನ್ನು ಬಾಯಿಬಿಟ್ಟು ಹೇಳುವ ಡೀಲರಿಗೆ ನಮ್ಮ ಕಡೆಯಿಂದ ಒಂದು ಅಂಕ ಹೆಚ್ಚು.

ಕೆಳಗೆ ನುಸುಳಿದ್ದೀರಿ, ಹಾಗೆಯೇ ಸ್ಪ್ರಿಂಗಿನ ಯು-ಬೋಲ್ಟು, ಶ್ಯಾಕಲ್ಲುಗಳನ್ನೂ, ಬ್ರೇಕಿನ ವೈರು ಆಕ್ಸಲ್ಲಿಗೆ ಉಜ್ಜುತ್ತಿದೆಯೇ ಎಂಬುದನ್ನೂ ನೋಡಿಬಿಡಿ. ಬ್ರೇಕ್‌ಅವೇ ಸ್ವಿಚ್ಚಿನ, ಅಂದರೆ ಟ್ರೇಲರ್ ಎಳೆಯುವ ವಾಹನದಿಂದ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ಸ್ವಿಚ್ಚಿನ, ಪರೀಕ್ಷೆ ಸುಲಭ. ಎಳೆಯುವ ವಾಹನದ ಪ್ಲಗ್ ಕಳಚಿ, ಪಿನ್ ಎಳೆಯಿರಿ. ಚಕ್ರದ ಬಳಿ ಕಿವಿಯಿಟ್ಟರೆ ಬ್ರೇಕಿನ ಮ್ಯಾಗ್ನೆಟ್ಟು ಗುಂಯ್‌ಗುಡಬೇಕು. ಕೂಡಲೇ ಪಿನ್ ಹಿಂದಕ್ಕೆ ಹಾಕಿ, ಇಲ್ಲದಿದ್ದರೆ ಬ್ಯಾಟರಿ ಬರಿದಾಗುತ್ತದೆ. ಬ್ಯಾಟರಿಯೇ ಇಲ್ಲದೆ ಗಾಡಿ ಕೊಟ್ಟರೆ ಈ ಬ್ರೇಕೂ ಇಲ್ಲವೆಂದೇ ಅರ್ಥ.

ಈಗ ಚಾವಣಿ. ಡೀಲರ್ ತಾನಾಗಿ ನಿಮ್ಮನ್ನು ಮೇಲೆ ಕರೆದೊಯ್ಯುವುದು ತೀರಾ ಕಡಿಮೆ, ‘ಇನ್ಷೂರೆನ್ಸ್ ಒಪ್ಪಲ್ಲ’ ಎಂಬ ಸಬೂಬೂ ಬರಬಹುದು. ಹಾಗಾದರೆ ಪಕ್ಕದಲ್ಲಿ ಏಣಿ ಇಟ್ಟು ಅಂಚಿನಿಂದಲಾದರೂ ನೋಡಿ, ಮೇಲೆ ಹತ್ತುವ ಅವರ ಕೆಲಸಗಾರನ ಕೈಯಲ್ಲಿ ಪ್ರತಿ ಫಿಟ್ಟಿಂಗಿನ ಫೋಟೋ ತೆಗೆಸಿ. ಚಾವಣಿಗೆ ಹೊದಿಸಿರುವ ಇಪಿಡಿಎಂ (ರಬ್ಬರ್) ಅಥವಾ ಟಿಪಿಒ (ಪ್ಲಾಸ್ಟಿಕ್) ಹಾಳೆ ಸುಲಭಕ್ಕೆ ಸೋರುವುದಿಲ್ಲ. ಸೋರುವುದು ಅದಕ್ಕೆ ಕೊರೆದ ತೂತುಗಳಲ್ಲಿ: ವೆಂಟು, ಸ್ಕೈಲೈಟು, ಆಂಟೆನಾ, ಏಣಿಯ ಕಾಲು, ಮುಂದೆ ಹಿಂದೆ ಚಾವಣಿ ಗೋಡೆಯನ್ನು ಸೇರುವ ಪಟ್ಟಿ. ಸೀಲೆಂಟ್ ಪಟ್ಟಿ ಎಲ್ಲಿಯೂ ತುಂಡಾಗಿರಬಾರದು, ಪ್ರತಿ ಸ್ಕ್ರೂವಿನ ತಲೆ ಪೂರ್ತಿ ಮುಚ್ಚಿರಬೇಕು, ಸೂಜಿಮೊನೆಯಷ್ಟು ಗುಳ್ಳೆ-ತೂತು ಇದ್ದರೂ ಬರೆದುಕೊಳ್ಳಬೇಕು. ತಾನೇ ಹರಡಿ ಮಟ್ಟವಾಗುವ ಸೀಲೆಂಟ್ ಚಪ್ಪಟೆ ಜಾಗಕ್ಕೆ ಸರಿ. ಇಳಿಜಾರಿನಲ್ಲಿ ಅದು ಜಾರಿ ಮೇಲ್ಭಾಗ ಬರಿದಾಗಿರುತ್ತದೆ. ಯಾರಾದರೂ ಮಾಮೂಲಿ ಸಿಲಿಕೋನ್ ಬಳಿದಿದ್ದರೆ ಒಪ್ಪಬೇಡಿ. ಅದರ ಮೇಲೆ ಮುಂದೆ ಬೇರೆ ಯಾವ ಸೀಲೆಂಟೂ ನೆಟ್ಟಗೆ ಅಂಟುವುದಿಲ್ಲ.

ಇಷ್ಟು ಹಠ ಏಕೆಂದರೆ, ಸ್ಕ್ರೂವಿನ ತೂತಿನಲ್ಲಿ ಇಳಿದ ನೀರು ಅಲ್ಲೇ ಕೆಳಗೆ ತೊಟ್ಟಿಕ್ಕುವುದಿಲ್ಲ. ಚಾವಣಿಯ ಹಲಗೆಯ ಗುಂಟ ಹರಿದು, ಇನ್ಸುಲೇಷನ್ ನೆನೆಸಿ, ಎಷ್ಟೋ ಅಡಿ ಆಚೆ ಯಾವುದೋ ಕಪಾಟಿನ ಮೂಲೆಯಲ್ಲಿ ಕಲೆಯಾಗಿ ಕಾಣುತ್ತದೆ. ಕಾಣುವ ಹೊತ್ತಿಗೆ ಮರ ಮೆತ್ತಗಾಗಿರುತ್ತದೆ. ಒಳಗಿನ ಮೂಲೆಗಳಿಗೆ, ಕಿಟಕಿಯ ಕೆಳಗೆ ತೇವಾಂಶದ ಮೀಟರ್ ಇಟ್ಟು ನೋಡಿ. ಒಂದು ಅಂಕಿಯಿಂದ ಏನೂ ತಿಳಿಯದು. ಒಣಗಿದ ಜಾಗಕ್ಕೂ ಮೂಲೆಗೂ ಇರುವ ವ್ಯತ್ಯಾಸ ಮುಖ್ಯ. ಕೆಲವು ಡೀಲರುಗಳ ಬಳಿ ಒತ್ತಡದ ಸೋರಿಕೆ ಪರೀಕ್ಷೆಯ ಸಲಕರಣೆ ಇರುತ್ತದೆ: ಚಾವಣಿಯ ವೆಂಟಿನಲ್ಲಿ ಬ್ಲೋಯರ್ ಕೂರಿಸಿ ಒಳಗೆ ಗಾಳಿ ತುಂಬಿಸಿ, ಹೊರಗೆ ಸೋಪಿನ ನೀರು ಸಿಂಪಡಿಸುತ್ತಾರೆ, ಗುಳ್ಳೆ ಎದ್ದಲ್ಲಿ ತೂತು. ಡೀಲರ್ ಪಟ್ಟಿಯಲ್ಲಿರುವ ದುಡ್ಡಿನ ಸೇವೆಗಳಲ್ಲಿ ನಾವು ಕಣ್ಣುಮುಚ್ಚಿ ‘ಹೂಂ’ ಎನ್ನುವುದು ಇದೊಂದಕ್ಕೆ. ಪೇಂಟ್ ಪ್ರೊಟೆಕ್ಷನ್ನಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ. ಫೈಬರ್‌ಗ್ಲಾಸ್ ಗೋಡೆಗೆ ಕೆನ್ನೆ ತಾಗಿಸಿದಂತೆ ನಿಂತು ಉದ್ದಕ್ಕೂ ನೋಡಿ, ಉಬ್ಬು ಕಂಡರೆ ಪದರ ಬಿಟ್ಟಿದೆ ಎಂದರ್ಥ. ಹೊಸ ಗಾಡಿಯಲ್ಲಿ ಅದು ಕಂಡರೆ ಆ ಗಾಡಿಯೇ ಬೇಡ.

ನೀರಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು, ಆದ್ದರಿಂದ ಹೋದ ಕೂಡಲೇ ಶುರು ಮಾಡಿ ಕೊನೆಯವರೆಗೂ ಒತ್ತಡದಲ್ಲೇ ಬಿಡಿ. ಸಿಹಿನೀರಿನ ಟ್ಯಾಂಕು ತುಂಬಿಸಿ, ಪಂಪ್ ಹಾಕಿ, ಗಾಳಿ ಹೋಗುವವರೆಗೆ ನಲ್ಲಿಗಳನ್ನು ಬಿಟ್ಟು, ಎಲ್ಲ ನಿಲ್ಲಿಸಿ. ಪಂಪ್ ಸುಮ್ಮನಾಗಬೇಕು, ಸುಮ್ಮನೇ ಇರಬೇಕು. ಯಾರೂ ನಲ್ಲಿ ಮುಟ್ಟದೆ ಹತ್ತು ನಿಮಿಷದೊಳಗೆ ಒಮ್ಮೆ ಗುರ್ ಎಂದರೂ ಎಲ್ಲೋ ಸೋರುತ್ತಿದೆ, ಇಲ್ಲವೇ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಆಮೇಲೆ ಪಂಪ್ ಆರಿಸಿ, ಹೊರಗಿನ ನಲ್ಲಿಯಿಂದ ರೆಗ್ಯುಲೇಟರ್ ಮೂಲಕ 40ರಿಂದ 60 ಪಿಎಸ್‌ಐ ಒತ್ತಡದಲ್ಲಿ ನೀರು ಕೊಡಿ. ಈಗ ಸಿಹಿನೀರಿನ ಟ್ಯಾಂಕಿನ ಮಟ್ಟ ತಾನಾಗಿ ಏರಿದರೆ ಚೆಕ್ ವಾಲ್ವಿನ ಮೇಲಿನ ಅನುಮಾನ ನಿಜವಾಯಿತು. ಸಿಂಕಿನ ಕೆಳಗೆ, ಟಾಯ್ಲೆಟ್ಟಿನ ಹಿಂದೆ, ಷವರಿನ ಹಿಂಬದಿಯ ಮುಚ್ಚಳ ತೆಗೆದು, ಪ್ರತಿ ಜಾಯಿಂಟಿಗೆ ಒಣ ಟಿಶ್ಯೂ ಸುತ್ತಿ. ಕಣ್ಣಿಗೆ ಕಾಣದ ಹನಿಯನ್ನೂ ಅದು ತೋರಿಸುತ್ತದೆ. ಸಿಂಕುಗಳನ್ನು ಅಂಚಿನವರೆಗೆ ತುಂಬಿಸಿ ಒಮ್ಮೆಲೇ ಬಿಡಿ. ಡ್ರೈನಿನ ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಿಂದ ಬಿಗಿದಿರುತ್ತಾರೆ, ಫ್ಯಾಕ್ಟರಿಯಿಂದ ಡೀಲರ್ ತನಕ ಕುಲುಕಾಡಿ ಬರುವಷ್ಟರಲ್ಲಿ ಅವು ಸಡಿಲವಾಗುತ್ತವೆ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಪಂಪಿನ ಜಾಲರಿ ಬಿಚ್ಚಿ ನೋಡಿ. ಟ್ಯಾಂಕಿಗೆ ತೂತು ಕೊರೆದಾಗಿನ ಪ್ಲಾಸ್ಟಿಕ್ ಚೂರು, ಮರದ ಪುಡಿ ಅಲ್ಲಿ ಸಿಗುತ್ತದೆ.

ವಾಟರ್ ಹೀಟರಿನ ವಿಷಯದಲ್ಲಿ ಒಂದು ಎಚ್ಚರ. ಚಳಿಗಾಲಕ್ಕೆಂದು ಬೈಪಾಸ್ ಮಾಡಿಟ್ಟ ಹೀಟರಿಗೆ ನೀರೇ ಹೋಗಿರುವುದಿಲ್ಲ. ಆ ಸ್ಥಿತಿಯಲ್ಲಿ ಕರೆಂಟಿನ ಸ್ವಿಚ್ ಒತ್ತಿದರೆ ಎಲಿಮೆಂಟ್ ನೋಡುನೋಡುತ್ತಲೇ ಸುಟ್ಟುಹೋಗುತ್ತದೆ. ಬೈಪಾಸ್ ವಾಲ್ವ್ ನೋಡಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬಂದ ಮೇಲೆಯೇ ಆನ್ ಮಾಡಿ. ಸ್ವಿಚ್ಚನ್ನು ಮೊದಲು ಒತ್ತಿ ತೋರಿಸಲು ಹೊರಟ ಸೇಲ್ಸ್‌ಮನ್ನಿನ ಕೈ ಹಿಡಿದರೂ ತಪ್ಪಿಲ್ಲ. ಕೊಳೆನೀರಿನ ಟ್ಯಾಂಕುಗಳಿಗೂ ನೀರು ತುಂಬಿಸಿ ವಾಲ್ವಿನ ಕೆಳಗೆ ನೋಡಿ; ಗಾಡಿಯ ಹೊಟ್ಟೆಯ ಪ್ಲಾಸ್ಟಿಕ್ ಹಾಳೆ ಎಲ್ಲಾದರೂ ಜೋತಿದ್ದರೆ ಮೇಲೆ ನೀರು ನಿಂತಿದೆ.

ಗ್ಯಾಸಿನ ಪರೀಕ್ಷೆಯನ್ನು ನಿಮ್ಮೆದುರೇ ಮಾಡಿಸಿ. ಒತ್ತಡ ಅಳೆಯುವ ಮ್ಯಾನೋಮೀಟರ್ ಜೋಡಿಸಿ ಪೈಪಿನಲ್ಲಿ 8 ಇಂಚು ನೀರಿನ ಕಂಬದ ಒತ್ತಡ ಇಟ್ಟು 5 ನಿಮಿಷ ಕಾಯುತ್ತಾರೆ, ಮುಳ್ಳು ಇಳಿಯಬಾರದು. ಕೆಲಸ ಮಾಡುವಾಗಿನ ಒತ್ತಡ 11 ಇಂಚು. ಒಳಗನ್ನು ಬೆಚ್ಚಗಿಡುವ ಫರ್ನೇಸನ್ನು 20 ನಿಮಿಷವಾದರೂ ಓಡಿಸಿ. ಮೊದಲ ಸಲ ಬರುವ ಹೊಗೆವಾಸನೆ ಫ್ಯಾಕ್ಟರಿಯ ಎಣ್ಣೆಯದು, ಕಿಟಕಿ ತೆಗೆದಿಡಿ. ಹೊತ್ತಿ ಹೊತ್ತಿ ಆರುತ್ತಿದ್ದರೆ ಮಾತ್ರ ಬರೆದುಕೊಳ್ಳಿ. ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳ ಬೆನ್ನ ಮೇಲೆ ತಾರೀಖು ಇರುತ್ತದೆ, ಅವಧಿ ಮುಗಿದಿಲ್ಲವೇ ನೋಡಿ.

ಕರೆಂಟಿಗೆ ಮೂರು ದೀಪದ ಪ್ಲಗ್ ಟೆಸ್ಟರ್ ಮತ್ತು ಮಲ್ಟಿಮೀಟರ್ ಸಾಕು. ಪ್ರತಿ ಸಾಕೆಟ್ಟಿಗೂ ಟೆಸ್ಟರ್ ಹಾಕಿ, ಕರೆಂಟು ಸೋರಿದರೆ ತಾನೇ ಕಡಿಯುವ ಸಾಕೆಟ್ಟಿನ ಜಿಎಫ್‌ಸಿಐ ಬಟನ್ ಒತ್ತಿ ಟ್ರಿಪ್ ಆಗುತ್ತದೆಯೇ ನೋಡಿ. ಕರೆಂಟು ತೆಗೆದಾಗ ಬ್ಯಾಟರಿಯಲ್ಲಿ 12.6 ವೋಲ್ಟಿನ ಆಸುಪಾಸು ಇದ್ದದ್ದು, ಹಾಕಿದಾಗ 13.6ರ ಹತ್ತಿರ ಅಥವಾ ಅದಕ್ಕೂ ಮೇಲೆ ಹೋಗಬೇಕು. ಹೋಗದಿದ್ದರೆ ಹೊರಗಿನ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಚಾರ್ಜ್ ಮಾಡುತ್ತಿಲ್ಲ. 30 ಆ್ಯಂಪಿನ ಗಾಡಿಗೆ ಸಿಗುವುದು 3600 ವ್ಯಾಟ್. ಎಸಿ, ಮೈಕ್ರೋವೇವ್, ವಾಟರ್ ಹೀಟರ್ ಒಟ್ಟಿಗೆ ಹಾಕಿ ಟ್ರಿಪ್ ಆದರೆ ಅದು ದೋಷವಲ್ಲ, ಲೆಕ್ಕ. ಎಸಿಯ ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇದ್ದರೆ ಸರಿ. ಗೋಡೆಯಿಂದ ಹೊರಕ್ಕೆ ಚಾಚಿ ಒಳಗೆ ಜಾಗ ಹೆಚ್ಚಿಸುವ ಸ್ಲೈಡ್-ಔಟನ್ನು ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಎರಡು ಮೂರು ಸಲ ಓಡಿಸಿ. ಒಂದು ಬದಿ ಹಿಂದೆ ಬೀಳಬಾರದು, ನೆಲ ಗೀರಬಾರದು, ಮುಚ್ಚಿದಾಗ ಅಂಚಿನಲ್ಲಿ ಬೆಳಕು ಕಾಣಬಾರದು. ಮೋಟರ್ ಕೆಟ್ಟರೆ ಕೈಯಿಂದ ಒಳತಳ್ಳುವುದು ಹೇಗೆ ಎಂದು ಅವರ ಕೈಯಲ್ಲೇ ಮಾಡಿಸಿ ನೋಡಿ.

ಇಷ್ಟನ್ನೂ ತಾವೇ ಮಾಡಲಾಗದವರಿಗೆ ಸ್ವತಂತ್ರ ಇನ್ಸ್‌ಪೆಕ್ಟರುಗಳಿದ್ದಾರೆ. ಎನ್‌ಆರ್‌ವಿಐಎ ಎಂಬ ಇನ್ಸ್‌ಪೆಕ್ಟರುಗಳ ಸಂಸ್ಥೆ ಅವರಿಗೆ ಲೆವೆಲ್ 1, ಲೆವೆಲ್ 2 ಎಂದು ಪ್ರಮಾಣಪತ್ರ ಕೊಡುತ್ತದೆ. ಚಾವಣಿ ಹತ್ತಲಾಗದವರಿಗೆ, ದೂರದ ರಾಜ್ಯದಲ್ಲಿ ಕೊಳ್ಳುವವರಿಗೆ ಆ ಖರ್ಚು ದಂಡವಲ್ಲ. ಆದರೆ ಇನ್ಸ್‌ಪೆಕ್ಟರನ್ನು ಡೀಲರ್ ಸೂಚಿಸಬಾರದು, ನೀವು ಹುಡುಕಬೇಕು. ಹೊರಗಿನವರನ್ನು ಒಳಗೆ ಬಿಡುತ್ತೀರಾ ಎಂದು ಮುಂಗಡ ಕೊಡುವ ಮೊದಲೇ ಡೀಲರಿಂದ ಬರಹದಲ್ಲಿ ಪಡೆಯಬೇಕು. ಬಿಡುವುದಿಲ್ಲ ಎನ್ನುವ ಡೀಲರಿಗೆ ಇಲ್ಲಿ ಅಂಕವೇ ಇಲ್ಲ. ಬಳುವಳಿಯಾಗಿ ಬರುವ ಸ್ಟಾರ್ಟರ್ ಕಿಟ್ಟಿನ ಬಗ್ಗೆ ಒಂದೇ ಮಾತು: ಅದರಲ್ಲಿನ ತೆಳ್ಳನೆಯ ಕೊಳಚೆ ಪೈಪನ್ನು ನೆಚ್ಚಬೇಡಿ.

ಕೊನೆಗೆ ಸಹಿ. ಸಿಕ್ಕ ದೋಷಗಳನ್ನೆಲ್ಲ ನಂಬರು ಹಾಕಿ ಬರೆದು, ಫೋಟೋ ಸೇರಿಸಿ, ಯಾವ ತಾರೀಖಿನೊಳಗೆ ಯಾರ ಖರ್ಚಿನಲ್ಲಿ ಸರಿಮಾಡುತ್ತಾರೆ ಎಂದು ಮ್ಯಾನೇಜರ್ ಸಹಿಯೊಂದಿಗೆ ಪಡೆಯಿರಿ. ಸಡಿಲ ಹಿಡಿಕೆ, ಗೀರಿದ ಪಟ್ಟಿ ಇದ್ದರೆ ಗಾಡಿ ಒಯ್ದು ಆಮೇಲೆ ಮಾಡಿಸಬಹುದು. ನೀರು, ಗ್ಯಾಸ್, ಬ್ರೇಕ್, ಚಾವಣಿ, ಈ ನಾಲ್ಕರಲ್ಲಿ ತಕರಾರಿದ್ದರೆ ಗಾಡಿ ಅಲ್ಲೇ ಇರಲಿ, ಬಾಕಿ ಹಣ ನಿಮ್ಮಲ್ಲೇ ಇರಲಿ. ಹಣ ಸಂದ ಮೇಲೆ ನಿಮ್ಮದು ವರ್ಕ್‌ಶಾಪಿನ ಸಾಲಿನಲ್ಲಿ ಇನ್ನೊಂದು ಗಾಡಿ ಅಷ್ಟೇ. ದೋಷ ತೀರದ ಹೊಸ ವಾಹನ ಕೊಂಡವರಿಗೆ ಪರಿಹಾರ ಕೊಡಿಸುವ ಲೆಮನ್ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಎಳೆಯುವ ಟ್ರೇಲರುಗಳನ್ನು ಅದರ ಹೊರಗಿಟ್ಟ ರಾಜ್ಯಗಳೂ ಇವೆ. ಫ್ರಿಜ್, ಎಸಿ, ಹೀಟರುಗಳ ವಾರಂಟಿ ಸಾಮಾನ್ಯವಾಗಿ ಆಯಾ ಕಂಪನಿಯದು, ಅವುಗಳ ಸೀರಿಯಲ್ ನಂಬರಿನ ಫೋಟೋ ಅಲ್ಲೇ ತೆಗೆದಿಟ್ಟುಕೊಳ್ಳಿ.

ಮೊದಲ ರಾತ್ರಿಯನ್ನು ಡೀಲರಿಗೆ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲೇ ಕಳೆಯಿರಿ; ಕೆಲವರು ತಮ್ಮ ಆವರಣದಲ್ಲೇ ಉಳಿಯಲು ಬಿಡುತ್ತಾರೆ, ಆ ಸೌಕರ್ಯಕ್ಕೆ ಒಳ್ಳೆಯ ಅಂಕ ಸಲ್ಲಬೇಕು. ಎಲ್ಲವನ್ನೂ ಮತ್ತೊಮ್ಮೆ ಓಡಿಸಿ, ಸಿಂಕಿನ ಕೆಳಗೆ ಹೊಸ ಟಿಶ್ಯೂ ಸುತ್ತಿ ಮಲಗಿ. ಬೆಳಿಗ್ಗೆ ಅದು ಒದ್ದೆಯಾಗಿದ್ದರೆ ವಾಪಸ್ ಹೋಗಲು ಐದು ಮೈಲಿ, ಐನೂರಲ್ಲ.